ಬೊಚೆರೆಯಕ್ಕನ ತಲೆ ಹಗುರವಾದ ದಿನ

ನಮ್ಮೂರು ತಬಾಕದ ಬಳಪದ ಕಲ್ಲಿನ ಗುಂಡಿಯ ಅಂಚು ಕುಸಿದು ಬೊಚೆರೆಯಕ್ಕನ ತಲೆಗೆ ಬಡಿದಾಗ ನಾನು ನಾಲ್ಕು ಮಾರು ದೂರದಲ್ಲಿದ್ದೆ. ಅವಳು ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣ ರಾಟೆಮೊನ ಹೆಂಡತಿ. ನಮ್ಮಲ್ಲಿ ಗಂಡಸರು ಕಲ್ಲು ಕೆತ್ತುತ್ತಾರೆ, ಹೆಂಗಸರು ಅದನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಉಪ್ಪುಕಾಗದದಿಂದ ಉಜ್ಜಿ ಹೊಳಪು ತರುತ್ತೇವೆ. ಹೆಸರು ಅವರದು, ಸವೆದ ಬೆರಳು ನಮ್ಮದು. ಇಪ್ಪತ್ತೆರಡು ವರ್ಷದಿಂದ ನಾವಿಬ್ಬರೂ ಒಂದೇ ತೊಟ್ಟಿಯ ಎರಡು ಬದಿ ಕೂತವರು. ಅವಳಷ್ಟು ಬಾಯಿ ಇರುವ ಹೆಂಗಸು ಊರಲ್ಲೇ ಇರಲಿಲ್ಲ. ಕಲ್ಲು ಬಿದ್ದ ಮೇಲೆ ಆ ಬಾಯಿ ನಿಂತುಹೋಯಿತು.

ಗಾಯ ಹದಿನೈದು ದಿನದಲ್ಲಿ ಮಾಯಿತು, ನೋವು ಮಾತ್ರ ಹೋಗಲಿಲ್ಲ. ಕತ್ತಿನ ಹಿಂದೆ ಹುಟ್ಟಿ, ಬುರುಡೆ ಹತ್ತಿ, ಬಲಗಣ್ಣಿನ ಹಿಂದೆ ಬಂದು ಕೂರುತ್ತಿತ್ತು. ಬಿಸಿಲಿಗೆ ನೋವು, ಉಳಿಯ ಸದ್ದಿಗೆ ನೋವು. ಉಳಿಯ ಸದ್ದಿಲ್ಲದ ಜಾಗ ತಬಾಕದಲ್ಲಿ ಎಲ್ಲಿದೆ ಹೇಳಿ? ಎಂಟು ತಿಂಗಳು ಮಾತ್ರೆ ನುಂಗಿದಳು. ಕಿಸೀ ಪಟ್ಟಣದಲ್ಲಿ ತಲೆಯ ಸ್ಕ್ಯಾನ್ ಮಾಡಿಸಿದ್ದೂ ಆಯಿತು. ಬುರುಡೆ ಒಡೆದಿಲ್ಲ, ಒಳಗೆ ರಕ್ತ ನಿಂತಿಲ್ಲ ಅಂದರು.

"ಅವರ ಫೋಟೋದಲ್ಲಿ ನೋವು ಬೀಳಲ್ಲ," ಅಂದ ರಾಟೆಮೊ ಭಾವ. "ಇವಳನ್ನ ಒಮೊಬಾರಿ ಹತ್ರ ಕರ್ಕೊಂಡು ಹೋಗ್ತೀನಿ. ಬುರುಡೆ ತೆರೆಸಿದ್ರೆ ಎಲ್ಲ ಸರಿಹೋಗುತ್ತೆ."

ತಲೆಗೆ ಪೆಟ್ಟು ಬಿದ್ದು ನೋವು ಬಿಡದಿದ್ದರೆ ನಮ್ಮ ಹಿರಿಯರು ಮಾಡಿಸುತ್ತಿದ್ದದ್ದು ಅದನ್ನೇ. ಒಮೊಬಾರಿ ಅಂದರೆ ನಾಟಿ ವೈದ್ಯ, ಅವನು ನೆತ್ತಿಯ ಚರ್ಮ ಬಿಡಿಸಿ ಮೂಳೆ ಹೆರೆಯುತ್ತಾನೆ. ಈಗ ಅಂಥವರು ಕಡಿಮೆ, ಇದ್ದವರೂ ಗುಟ್ಟಾಗಿ ಮಾಡುತ್ತಾರೆ. ಬೊಚೆರೆಯಕ್ಕನ ಅಪ್ಪನೇ ಬೆಟ್ಟದ ಮೇಲಿನ ಊರಲ್ಲಿ ಹೆಸರುವಾಸಿ ಒಮೊಬಾರಿ ಆಗಿದ್ದವನು. ಹಾಗಾಗಿ ಅವಳು ಬೇಡ ಅನ್ನಲಾರಳು ಅಂತ ಎಲ್ಲರೂ ಅಂದುಕೊಂಡಿದ್ದೆವು.

"ನನ್ನ ತಲೆ ಯಾರೂ ಮುಟ್ಟಬೇಡಿ," ಅಂದಳು ಅವಳು. ಎರಡೂ ಕೈ ನೆತ್ತಿಯ ಮೇಲಿಟ್ಟುಕೊಂಡಳು. "ಮುಟ್ಟಿದ್ರೆ ಸತ್ತೇ ಹೋಗ್ತೀನಿ."

"ಒಮೊಬಾರಿ ಮಗಳಿಗೇ ಒಮೊಬಾರಿ ಕಂಡ್ರೆ ಭಯ! ಹೊರಗೆ ಹೇಳಿದ್ರೆ ನಗ್ತಾರೆ," ಅಂತ ಚುಚ್ಚಿದ ಭಾವ. ಹೆಂಡತಿಯ ಮುಖ ನೋಡಿದ್ದರೆ ಆ ಮಾತು ಆಡುತ್ತಿರಲಿಲ್ಲ. ನಮ್ಮ ಭಾವ ಕಲ್ಲಿನ ಮುಖ ನೋಡುವಷ್ಟು ಮನುಷ್ಯರ ಮುಖ ನೋಡುವವನಲ್ಲ.

ಅಷ್ಟರಲ್ಲಿ ಆಸ್ಪತ್ರೆಯ ಡಾಕ್ಟರಮ್ಮ ಬೇರೆ ದಾರಿ ಹೇಳಿದಳು. ಕತ್ತು ಮತ್ತು ಬುರುಡೆ ಸೇರುವ ಕಡೆ ನರ ಕೆರಳಿದೆ, ಎರಡೂ ಬದಿ ಇಂಜೆಕ್ಷನ್ ಕೊಟ್ಟು ನೋಡೋಣ ಅಂದಳು. ಭಾವ ಆ ಹೊತ್ತಿಗೆ ಬೆಟ್ಟದಾಚೆಯ ಯಾವನೋ ಮುದುಕ ಒಮೊಬಾರಿಯ ಹತ್ತಿರ ದಿನ ಗೊತ್ತುಮಾಡಿಕೊಂಡು ಬಂದಿದ್ದ. ಅತ್ತ ದರಿ ಇತ್ತ ಪುಲಿ. ಅಕ್ಕ ಒಂದು ದಿನ ಪೂರ್ತಿ ಉಣ್ಣಲಿಲ್ಲ. ಮರುದಿನ ನನ್ನ ಹತ್ತಿರ ಬಂದು, "ಸೂಜಿ ಸಣ್ಣದು ಅಲ್ವೇನೇ?" ಅಂದಳು.

"ಸಣ್ಣದು ಅಕ್ಕ. ಸೊಳ್ಳೆ ಮೂತಿಯಷ್ಟು," ಅಂದೆ. ಆ ಸೂಜಿಯನ್ನು ನಾನು ಕಂಡೇ ಇರಲಿಲ್ಲ.

ಮೇಜಿನ ಮೇಲೆ ತೋಳು ಮಡಚಿ, ಅದರ ಮೇಲೆ ಹಣೆ ಇಟ್ಟು ಕೂರಿಸಿದರು. ನರ್ಸ್ ಹಿಂದಿನಿಂದ ತಲೆ ಹಿಡಿದುಕೊಂಡಳು. ಡಾಕ್ಟರಮ್ಮ ಬೆರಳಿಂದ ಒತ್ತಿ ಒತ್ತಿ ಜಾಗ ಹುಡುಕಿದಳು. ನಾನು ಬಾಗಿಲ ಹತ್ತಿರ ನಿಂತು ಕಿಟಕಿಯ ಆಚೆ ನೋಡುತ್ತಿದ್ದೆ. ಹತ್ತು ನಿಮಿಷ ಕಳೆದು ಅವಳು ಮೆಲ್ಲಗೆ ತಲೆ ಎತ್ತಿದಳು. ಕಿಟಕಿಯ ಬೆಳಕಿಗೆ ಕಣ್ಣು ಮುಚ್ಚಲಿಲ್ಲ.

"ನೋವು ಹೇಗಿದೆಯಮ್ಮಾ?" ಅಂದಳು ಡಾಕ್ಟರಮ್ಮ.

"ಇಲ್ಲ. ತಲೆ ಹಗುರ ಆಯ್ತು."

ನಾನು ಕುಣಿಯುವುದೊಂದು ಬಾಕಿ. ಆದರೆ ಅಕ್ಕನ ಮುಖ ಬೂದಿ ಬಳಿದ ಹಾಗಿತ್ತು. "ಇದು ಒಂದು ವಾರ ಇರಬಹುದು, ತಿಂಗಳೂ ಇರಬಹುದು. ತಿರುಗಿ ನೋವು ಬಂದ್ರೆ ಬನ್ನಿ, ಇನ್ನೊಂದು ಸಲ ಕೊಡೋಣ," ಅಂತ ಡಾಕ್ಟರಮ್ಮ ಹೇಳುತ್ತಿದ್ದದ್ದು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಮತಾಟು ಬಸ್ಸಿನಲ್ಲಿ ನನ್ನ ಕೈ ಹಿಡಿದವಳು ಊರು ಬರುವ ತನಕ ಬಿಡಲಿಲ್ಲ. ಇಳಿಯುವಾಗ ಹೇಳಿದಳು, "ನಾಳೆ ಮಧ್ಯಾಹ್ನದೊಳಗೆ ನಾನು ಹೋಗ್ತೀನಿ, ಮೊಕೆಯ್ರಾ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಮಣ್ಣಿಗೆ."

ತಮಾಷೆ ಅಂದುಕೊಂಡೆ. ಬೆಳಿಗ್ಗೆ ನೋಡಿದರೆ ಮೊಟ್ಟೆ ಇಡುವ ಕೋಳಿಯನ್ನು ಬುಟ್ಟಿಯಲ್ಲಿ ಹಾಕಿ ನಮ್ಮ ಬಾಗಿಲಿಗೆ ತಂದಿದ್ದಾಳೆ. ಒಳ್ಳೆಯ ಲಂಗ ಉಟ್ಟಿದ್ದಾಳೆ. ಉಜ್ಜಿ ಮುಗಿಯದ ಆರು ನೀರಾನೆ ಗೊಂಬೆಗಳನ್ನು ನನ್ನ ಬದಿಗೆ ಸರಿಸಿ, ತೊಟ್ಟಿಯ ಆಚೆ ಕೂತಳು. ನನಗೆ ಆಗ ಹೆದರಿಕೆ ಹತ್ತಿತು. ಏನಾಗಿದೆ ನಿನಗೆ ಅಂತ ಗದರಿದೆ. ಅವಳು ನೀರಿನಲ್ಲಿ ಕೈ ಬಿಟ್ಟುಕೊಂಡೇ ಹೇಳಿದಳು.

"ನನ್ನ ಮದುವೆ ಹಿಂದಿನ ವರ್ಷ. ಅಪ್ಪನ ಹತ್ರ ತಲೆ ಹಿಡಿಯೋ ಆಳು ಯಾವುದೋ ಸಾವಿನ ಮನೆಗೆ ಹೋಗಿದ್ದ. ದನದ ಜಗಳದಲ್ಲಿ ಪೆಟ್ಟು ತಿಂದವನೊಬ್ಬ ಬಂದಿದ್ದ, ತಲೆನೋವಿಗೆ ಗೋಡೆಗೆ ಹಣೆ ಚಚ್ಕೋತಿದ್ದ. ಅಪ್ಪ ನನ್ನ ಕೂಗಿದ. ಹಿಡ್ಕೋ ಮಗಳೇ, ನೋಡ್ತಾ ಇರು, ಮುಖ ತಿರುಗಿಸಬೇಡ, ಮುಖ ತಿರುಗಿದ್ರೆ ಕೈ ಸಡಿಲ ಆಗುತ್ತೆ ಅಂದ. ಹಿಡ್ದೆ. ಬಿಳಿ ಮೂಳೆ ಕಾಣಿಸ್ತು. ನನ್ನ ಮುಖ ತಾನಾಗೇ ತಿರುಗ್ತು ಕಣೇ. ತಲೆ ಜಾರ್ತು. ಅಪ್ಪನ ಉಳಿ ಒಳಗೆ ಹೋಯ್ತು."

ಕೈಯಲ್ಲಿದ್ದ ಗೊಂಬೆಯನ್ನು ಕೆಳಗಿಟ್ಟೆ.

"ಸಾಯಂಕಾಲ ಆ ಮನುಷ್ಯ ಎದ್ದು ಕೂತ. ತಲೆ ಹಗುರ ಆಯ್ತು ಮಗಳೇ ಅಂತ ನನ್ನ ನೋಡಿ ನಕ್ಕ. ಮುದ್ದೆ ಉಂಡ. ಮಾರನೇ ದಿನ ಮಧ್ಯಾಹ್ನದೊಳಗೆ ಹೋಗ್ಬಿಟ್ಟ. ಕಿರುಚೋ ತಲೆ ಬದುಕುತ್ತೆ, ಸುಮ್ಮನಾದ ತಲೆ ಉಳಿಯಲ್ಲ ಅಂತ ಅಪ್ಪ ಯಾವಾಗ್ಲೂ ಹೇಳ್ತಿದ್ದ. ತನ್ನ ಕೈಯೇ ತಪ್ತು ಅಂತ ಅಪ್ಪ ಎಲ್ಲರ ಮುಂದೆ ಹೇಳ್ಕೊಂಡ. ಉಳಿ ಮತ್ತೆ ಮುಟ್ಟಲಿಲ್ಲ. ನಾನು ಬಾಯಿ ಬಿಡಲಿಲ್ಲ."

ಇಪ್ಪತ್ತೆರಡು ವರ್ಷ ನನ್ನೆದುರು ಕೂತು ಹರಟಿದವಳು ಈ ಒಂದು ಮಾತು ಹೇಳಿರಲಿಲ್ಲ. ಅವಳ ಹರಟೆಯೆಲ್ಲ ಇದನ್ನು ಮುಚ್ಚಲಿಕ್ಕೆ ಹಾಕಿದ ಮಣ್ಣು ಅಂತ ಅವತ್ತು ತಿಳಿಯಿತು. ಸಿಟ್ಟೂ ಬಂತು, ಅಳುವೂ ಬಂತು. ಇಬ್ಬರೂ ಸೂರ್ಯನನ್ನು ನೋಡುತ್ತಾ ಕೂತೆವು. ನಾನು ನಂಬಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಅವಳು ಒಮ್ಮೆ ಆಕಳಿಸಿದಾಗ ನನ್ನ ಜೀವ ಬಾಯಿಗೆ ಬಂತು. ನೆರಳು ಕಾಲ ಬುಡಕ್ಕೆ ಬಂತು, ಕಾಲು ದಾಟಿ ಆಚೆಗೂ ಹೋಯಿತು.

"ಮಧ್ಯಾಹ್ನ ಕಳೀತು ಅಕ್ಕ. ಎದ್ದು ಮುದ್ದೆ ತಿನ್ನು," ಅಂದೆ.

"ಕೋಳಿ?" ಅಂದಳು.

"ಕೊಟ್ಟಿದ್ದನ್ನ ವಾಪಸ್ ಕೇಳ್ತಾರಾ?"

ನಗಲಿಲ್ಲ ಅವಳು. ಭಯ ಒಂದು ಮಧ್ಯಾಹ್ನಕ್ಕೆ ಮುಗಿಯಲಿಲ್ಲ. ಮೂರು ವಾರ ಪ್ರತಿ ಬೆಳಿಗ್ಗೆ ಬೆರಳಿಂದ ಕತ್ತು ಒತ್ತಿ ಒತ್ತಿ ನೋವನ್ನು ಹುಡುಕುತ್ತಿದ್ದಳು, ಸಿಗದೆ ಮಂಕಾಗುತ್ತಿದ್ದಳು. ನೋವಿಲ್ಲದ ಒಂದು ದಿನವನ್ನೂ ಪಾಪ ಅನುಭವಿಸಲಿಲ್ಲ. ಇಪ್ಪತ್ತೆರಡನೇ ದಿನ ಹಿತ್ತಲಿಂದ ಓಡಿಬಂದು ನನ್ನನ್ನು ತಬ್ಬಿಕೊಂಡಳು.

"ನೋಯ್ತಿದೆ ಕಣೇ! ಬಲಗಣ್ಣಿನ ಹಿಂದೆ, ಅದೇ ಜಾಗ!"

ತಲೆ ಕೆಟ್ಟಿತು ಅಂದ ಭಾವ. ಕೆಟ್ಟ ತಲೆಯನ್ನು ನಾವಿಬ್ಬರೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಈ ಸಲ ನರ್ಸ್ ತಲೆ ಹಿಡಿಯಲು ಬಂದಾಗ ಅಕ್ಕ ಬೇಡ ಅಂದಳು. "ಇವಳು ಹಿಡೀಲಿ. ಮೊಕೆಯ್ರಾ, ನೋಡ್ತಾ ಇರು. ಮುಖ ತಿರುಗಿಸಬೇಡ."

ಡಾಕ್ಟರಮ್ಮ ನಕ್ಕು ಒಪ್ಪಿದಳು. ಎರಡೂ ಅಂಗೈಯಲ್ಲಿ ಅವಳ ತಲೆ ಹಿಡಿದೆ. ಬೆಚ್ಚಗಿತ್ತು. ಇಷ್ಟು ವರ್ಷ ಕಲ್ಲಿನ ತಲೆಗಳನ್ನೇ ಹಿಡಿದಿದ್ದ ನನ್ನ ಕೈ ಬೆವರಿತು. ಸೂಜಿ ಸೊಳ್ಳೆ ಮೂತಿಯಷ್ಟು ಇರಲಿಲ್ಲ. ಅದು ಚರ್ಮ ಮುಟ್ಟುವ ತನಕ ನೋಡಿದೆ. ಆಮೇಲೆ ಏನಾಯಿತೋ, ನಾನು ಗೋಡೆ ನೋಡುತ್ತಿದ್ದೆ. ಡಾಕ್ಟರಮ್ಮನ ಕೈ ಮಾತ್ರ ಅಲುಗಲಿಲ್ಲ.

ಮುಗಿದ ಮೇಲೆ ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ.

"ಅಕ್ಕ, ನನ್ನ ಮುಖಾನೂ ತಿರುಗಿಹೋಯ್ತು."

ಅವಳು ಹಣೆ ಎತ್ತಲಿಲ್ಲ. ಕೈ ಹಿಂದಕ್ಕೆ ಚಾಚಿ, ತನ್ನ ತಲೆಯ ಮೇಲಿದ್ದ ನನ್ನ ಕೈಯನ್ನು ಹುಡುಕಿ ಹಿಡಿದಳು.

"ಗೊತ್ತಾಯ್ತು ಕಣೇ," ಅಂದಳು. "ಕೈ ಸಡಿಲ ಆಯ್ತು."