ತಮ್ಮನಿಗಾಗಿ ಇಳಿಸಿದ ತೂಕ

ತಮ್ಮನ ಎರಡೂ ಕಿಡ್ನಿಗಳು ಕೆಟ್ಟಿವೆ ಎಂದು ಗೊತ್ತಾದಾಗ ಅವನಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ನಾನು ಅವನಿಗಿಂತ ಐದು ವರ್ಷ ದೊಡ್ಡವಳು. ಕಾಪುವಿನ ನನ್ನ ತವರಿನಲ್ಲಿ ನಾವಿಬ್ಬರೇ ಮಕ್ಕಳು. ಅವನು ದೋಣಿಗೆ ಹೋಗುವವನು. ವರ್ಷಗಟ್ಟಲೆ ಬಿ.ಪಿ. ಏರಿಕೊಂಡೇ ಇತ್ತಂತೆ, ಅವನಿಗದು ತಿಳಿದಿರಲಿಲ್ಲ. ತಲೆ ನೋಯುವಾಗಲೆಲ್ಲ ಬಿಸಿಲಿನದ್ದೆಂದುಕೊಂಡು ಮಾತ್ರೆ ನುಂಗಿ ಮತ್ತೆ ಕಡಲಿಗೆ ಹೋಗುತ್ತಿದ್ದ. ಒಂದು ದಿನ ಬಲೆ ಎಳೆಯುತ್ತಿದ್ದಾಗ ಉಸಿರು ಕಟ್ಟಿ ದೋಣಿಯಲ್ಲೇ ಕುಸಿದ. ಮಣಿಪಾಲಕ್ಕೆ ಕರೆತಂದರು. ಅಲ್ಲಿಂದ ಮುಂದೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಎಂದಾಯಿತು.

ಬದಲಿ ಕಿಡ್ನಿ ಹಾಕಿದರೆ ಮತ್ತೆ ಮೊದಲಿನಂತೆ ಬದುಕಬಹುದು ಎಂದರು. ಅವನ ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ. ಉಳಿದವಳು ನಾನು, ನನ್ನದು ಹೊಂದಿತು. ಮಸ್ಕತ್ತಿನಲ್ಲಿ ಕೆಲಸದಲ್ಲಿರುವ ನನ್ನ ಗಂಡ ಫೋನಿನಲ್ಲಿ, "ಕೊಡದೆ ಇದ್ದರೆ ನಿನಗೆ ನೆಮ್ಮದಿ ಇರುವುದಿಲ್ಲ. ಕೊಡು" ಎಂದರು. ಇನ್ನೇನು ಎಲ್ಲ ಆಯಿತು ಎಂಬ ಧೈರ್ಯದಲ್ಲಿ ಡಾಕ್ಟರ ಎದುರು ಹೋಗಿ ಕುಳಿತೆ. ಅವರು ನನ್ನ ವರದಿಗಳನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಈ ತೂಕದಲ್ಲಿ ನಿಮ್ಮಿಂದ ಕಿಡ್ನಿ ತೆಗೆಯಲಿಕ್ಕೆ ಆಗುವುದಿಲ್ಲಮ್ಮ. ಸಕ್ಕರೆಯೂ ಗಡಿಯಲ್ಲಿ ಉಂಟು. ಮುಂದೆ ನೀವು ಒಂದೇ ಕಿಡ್ನಿಯಲ್ಲಿ ಬದುಕಬೇಕು ಅಲ್ವಾ? ಇಪ್ಪತ್ತು ಕಿಲೋ ಇಳಿಸಿ ಬನ್ನಿ. ಆಮೇಲೆ ನೋಡುವ."

ಆಗ ನಾನು ತೊಂಬತ್ತು ಕಿಲೋ ದಾಟಿದ್ದೆ. ಕಾರ್ಕಳದ ಒಂದು ಕಾಲೇಜಿನ ಆಫೀಸಿನಲ್ಲಿ ನನ್ನ ಕೆಲಸ. ಅಲೆವೂರಿನ ಮನೆಯಿಂದ ಹೊರಟು ಬಸ್ಸಿನಲ್ಲಿ ಕೂತು ಹೋಗುವುದು, ದಿನವಿಡೀ ಕುರ್ಚಿಯಲ್ಲಿ ಕೂರುವುದು, ಸಂಜೆ ಮತ್ತೆ ಬಸ್ಸಿನಲ್ಲಿ ಕೂತು ಬರುವುದು. ಹರೆಯದಲ್ಲಿ ದಪ್ಪಗಿದ್ದೇನೆಂದು ಅತ್ತಿದ್ದುಂಟು. ಮದುವೆಯಾದ ಮೇಲೆ ಅದನ್ನು ಯೋಚಿಸುವುದನ್ನೇ ಬಿಟ್ಟಿದ್ದೆ. ನನ್ನ ಮೈ ನನ್ನೊಬ್ಬಳ ವಿಷಯ, ಅದರಿಂದ ಇನ್ನೊಬ್ಬರಿಗೆ ಏನಾಗುವುದಿದೆ ಎಂದುಕೊಂಡಿದ್ದೆ.

ಮನೆಗೆ ಬಂದವಳೇ ಊಟ ಬಿಟ್ಟೆ. ಬೆಳಿಗ್ಗೆ ಬರೀ ಚಾ, ಮಧ್ಯಾಹ್ನ ಗಂಜಿಯ ತಿಳಿ, ಸಂಜೆ ಒಂದು ಸೌತೆಕಾಯಿ. ಮೊದಲು ತೂಕ ಬೇಗ ಇಳಿಯಿತು. ತಮ್ಮನಿಗೆ ಫೋನು ಮಾಡಿ ಹೇಳಿದೆ, ಅವನೂ ಖುಷಿಪಟ್ಟ. ಆಮೇಲೆ ತೂಕದ ಯಂತ್ರದ ಮುಳ್ಳು ನಿಂತಲ್ಲೇ ನಿಂತಿತು. ಇನ್ನೂ ಕಡಿಮೆ ತಿಂದೆ. ತಲೆಸುತ್ತು ಶುರುವಾಯಿತು. ಬಾಚಣಿಗೆಯಲ್ಲಿ ಕೂದಲು ಗೊಂಚಲು ಗೊಂಚಲಾಗಿ ಬರತೊಡಗಿತು. ಬೆವರು ಸುರಿಯುವ ಏಪ್ರಿಲ್‌ನಲ್ಲಿ ನನಗೊಬ್ಬಳಿಗೆ ಚಳಿ. ತೂಕ ಮಾತ್ರ ಕದಲಲಿಲ್ಲ.

ಕೊನೆಗೆ ಡಾಕ್ಟರೇ ಒಬ್ಬ ಡಯೆಟಿಶಿಯನ್ ಹತ್ತಿರ ಕಳಿಸಿದರು. ನನಗಿಂತ ತುಂಬ ಚಿಕ್ಕವಳು, ಮೆತ್ತಗಿನ ಮಾತು. ನಾನು ತಿನ್ನುವುದನ್ನೆಲ್ಲ ಕೇಳಿ ಪೆನ್ನು ಕೆಳಗಿಟ್ಟಳು.

"ನಿಮ್ಮ ಮೆಟಬಾಲಿಸಂ ಮೊದಲೇ ನಿಧಾನ ಇತ್ತು. ನೀವು ಉಪವಾಸ ಮಾಡಿ ಇನ್ನೂ ನಿಧಾನ ಮಾಡಿದ್ದೀರಿ. ಊಟ ಬರುವುದಿಲ್ಲ ಅಂತ ಗೊತ್ತಾದರೆ ದೇಹ ಖರ್ಚನ್ನು ಕಡಿಮೆ ಮಾಡ್ತದೆ. ಕೊಬ್ಬಿನ ಜೊತೆ ಮಾಂಸಖಂಡವೂ ಕರಗ್ತದೆ. ಕೂತಲ್ಲಿ ಕೂಡ ಶಕ್ತಿ ಖರ್ಚು ಮಾಡುವುದು ಅದೇ ಅಲ್ವಾ. ಅದೇ ಹೋದ ಮೇಲೆ ತೂಕ ಇಳಿಯುವುದು ಹೇಗೆ?"

"ಹಾಗಾದರೆ ಎಂತ ಮಾಡುವುದು?"

"ತಿನ್ನಬೇಕು. ಬೆಳಿಗ್ಗೆ ಮೊಟ್ಟೆ, ಮೊಳಕೆ ಬಂದ ಹೆಸರು. ಮಧ್ಯಾಹ್ನ ಅನ್ನ ಒಂದು ಸೌಟು, ಮೀನು ಜಾಸ್ತಿ. ಆದರೆ ಹುರಿದದ್ದು ಬೇಡ. ನೀರು ಚೆನ್ನಾಗಿ ಕುಡಿಯಿರಿ. ಬರೀ ನಡೆದರೆ ಸಾಲದು, ಕಾಲಿಗೆ ಕೈಗೆ ಭಾರ ಬೀಳುವ ಹಾಗೆ ವ್ಯಾಯಾಮ ಬೇಕು. ನಿದ್ದೆಯೂ ಬೇಕು."

"ಎಷ್ಟು ಸಮಯ ಬೇಕಾಗ್ತದೆ?"

"ಒಂದು ವರ್ಷ ಅಂತ ಇಟ್ಟುಕೊಳ್ಳಿ."

ಒಂದು ವರ್ಷ ಎಂದಾಗ ನನಗೆ ತಮ್ಮನ ಕೈ ಕಣ್ಣ ಮುಂದೆ ಬಂತು. ಸೂಜಿ ಚುಚ್ಚಿ ಚುಚ್ಚಿ ಆ ಕೈಯ ನರ ಹಗ್ಗದ ಹಾಗೆ ಉಬ್ಬಿಹೋಗಿತ್ತು.

ಕಾರ್ಕಳದಲ್ಲಿ ಗೊಮ್ಮಟನ ಬೆಟ್ಟಕ್ಕೆ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳಿವೆ. ಕೆಲಸ ಮುಗಿದ ಮೇಲೆ ಅದನ್ನು ಹತ್ತತೊಡಗಿದೆ. ಮೊದಲ ದಿನ ಅರ್ಧಕ್ಕೇ ಕುಳಿತುಬಿಟ್ಟೆ. ಎದೆ ಹೊಡೆದುಕೊಳ್ಳುವುದು ಕಿವಿಗೆ ಕೇಳುತ್ತಿತ್ತು. ಮೇಲಿಂದ ಇಳಿದು ಬರುತ್ತಿದ್ದ ಪ್ರವಾಸಿಗರು, "ನಿಧಾನಕ್ಕೆ ಹತ್ತಿ ಆಂಟಿ" ಎಂದು ಪಕ್ಕಕ್ಕೆ ಸರಿದರು. ತಿಂಗಳು ಕಳೆದ ಮೇಲೆ ನಿಲ್ಲದೆ ಹತ್ತಿದೆ. ಆಮೇಲೆ ಬೆನ್ನಿಗೊಂದು ಚೀಲ, ಅದರಲ್ಲಿ ನೀರು ತುಂಬಿದ ಬಾಟಲಿಗಳು. ಮನೆಯಲ್ಲಿ ಗೋಡೆಗೆ ಕೈಯೂರಿ ದಂಡ ಹೊಡೆದೆ, ಕುರ್ಚಿ ಹಿಡಿದು ಕೂತು ಎದ್ದೆ. ಚಳಿ ಹೋಯಿತು, ಹಸಿವು ಬಂತು. ತಿನ್ನುತ್ತಾ ಇದ್ದರೂ ತೂಕ ಇಳಿಯತೊಡಗಿತು. ಎಷ್ಟು ನಿಧಾನವೆಂದರೆ, ಕೆಲವು ವಾರ ಇಳಿದಿದೆಯೋ ಇಲ್ಲವೋ ಎಂದು ಯಂತ್ರದಿಂದ ಇಳಿದು ಮತ್ತೆ ಹತ್ತಿ ನೋಡುತ್ತಿದ್ದೆ.

ರಜೆಯ ದಿನ ತಮ್ಮನ ಜೊತೆ ಡಯಾಲಿಸಿಸ್‌ಗೆ ನಾನೇ ಹೋಗುತ್ತಿದ್ದೆ. ಅವನಿಗೂ ಪಥ್ಯ, ನನಗೂ ಪಥ್ಯ. ಅವನ ಪಥ್ಯ ನನ್ನದಕ್ಕಿಂತ ಕ್ರೂರವಾಗಿತ್ತು. ಉಪ್ಪಿಲ್ಲ, ಎಳನೀರಿಲ್ಲ, ಬಾಳೆಹಣ್ಣಿಲ್ಲ. ಇಡೀ ದಿನಕ್ಕೆ ಅಳೆದು ಕೊಟ್ಟಷ್ಟೇ ನೀರು. ಹುಟ್ಟಿದಂದಿನಿಂದ ನೀರಿನ ಮೇಲೆಯೇ ಬದುಕಿದವನು ಬಾಯಿ ಒಣಗಿ ತುಟಿ ನೆಕ್ಕುತ್ತಾ ಮಲಗಿರುತ್ತಿದ್ದ. ನನಗೆ ನೀರು ಕುಡಿಯಲೇಬೇಕು. ಒಂದು ದಿನ ನಾನು ಬಾಟಲಿ ಎತ್ತಿದಾಗ ಹೇಳಿದ:

"ಅಕ್ಕ, ಆ ಕಡೆ ತಿರುಗಿ ಕುಡಿ ಮಾರಾಯ್ತಿ. ಶಬ್ದ ಕೇಳಿದರೂ ಆಸೆ ಆಗ್ತದೆ."

ಅವನು ನಗುತ್ತಲೇ ಹೇಳಿದ್ದು. ಅಂದಿನಿಂದ ನಾನು ಹೊರಗೆ ವರಾಂಡಕ್ಕೆ ಹೋಗಿ ಕುಡಿಯುತ್ತಿದ್ದೆ.

ಮತ್ತೊಂದು ದಿನ ಅವನು ನನ್ನನ್ನೇ ತುಂಬ ಹೊತ್ತು ನೋಡಿದ. "ನಿನ್ನ ಮುಖ ಸಣ್ಣ ಆಗಿದೆ ಅಕ್ಕ. ನನಗೆ ಹೆದರಿಕೆ ಆಗ್ತದೆ. ನಾಳೆ ನಿನಗೇ ಎಂತಾದರೂ ಆದರೆ?"

"ನನಗೆ ಎಂತ ಆಗ್ತದೆ? ಈಗ ಬೆಟ್ಟ ಹತ್ತಿದರೂ ಏದುಸಿರಿಲ್ಲ."

"ನನ್ನಿಂದ ನಿನಗೆ ಇಷ್ಟು ಕಷ್ಟ."

"ಸುಮ್ಮನಿರು" ಎಂದೆ. ಅವನ ಹೊದಿಕೆ ಸರಿಮಾಡಿದೆ. ಅವನ ಕಾಲು ಊದಿಕೊಂಡಿತ್ತು. ನಾನು ಇಳಿಯುತ್ತಾ ಹೋದಂತೆ ಅವನೂ ಇಳಿಯುತ್ತಿದ್ದ. ನನ್ನದನ್ನು ನೋಡಿ ಜನ ಮೆಚ್ಚುತ್ತಿದ್ದರು, ಅವನದನ್ನು ನೋಡಿ ಮಾತು ಬದಲಿಸುತ್ತಿದ್ದರು.

ಡಯೆಟಿಶಿಯನ್ ಹೇಳಿದ ವರ್ಷಕ್ಕಿಂತ ಸ್ವಲ್ಪ ಹೆಚ್ಚೇ ಹಿಡಿಯಿತು. ಆದರೆ ಇಳಿಯಿತು. ಸಕ್ಕರೆಯೂ ಸರಿಯಾಯಿತು. ನನ್ನ ಪರೀಕ್ಷೆಗಳೆಲ್ಲ ಮುಗಿದು, "ನಿಮ್ಮದು ಈಗ ಪಾಸ್" ಎಂದು ಡಾಕ್ಟರು ಹೇಳಿದ ದಿನ ನಾನು ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅತ್ತೆ. ಅಷ್ಟು ದೊಡ್ಡ ಸಂತೋಷ ನನಗೆ ಅದಕ್ಕೂ ಮೊದಲು ಆಗಿರಲಿಲ್ಲ.

ಆಪರೇಶನ್‌ಗೆ ಮೊದಲು ತಮ್ಮನ ಪರೀಕ್ಷೆಗಳನ್ನೂ ಹೊಸದಾಗಿ ಮಾಡಿಸಬೇಕಿತ್ತು. ಹೃದಯದ ಸ್ಕ್ಯಾನ್ ಆದ ಮೇಲೆ ನನ್ನನ್ನೂ ಅವನ ಹೆಂಡತಿಯನ್ನೂ ಒಳಗೆ ಕರೆದರು.

"ಹೃದಯ ತುಂಬ ದುರ್ಬಲ ಆಗಿದೆ. ಈಗ ಆಪರೇಶನ್ ಮಾಡಿದರೆ ತಡೆದುಕೊಳ್ಳುವುದು ಕಷ್ಟ. ಔಷಧಿ ಕೊಟ್ಟು ನೋಡುವ. ಸುಧಾರಿಸಿದರೆ ಮಾಡುವ."

"ಮೊದಲೇ ಮಾಡಿದ್ದರೆ ಆಗ್ತಿತ್ತಾ?" ಎಂದು ಅವನ ಹೆಂಡತಿ ಕೇಳಿದಳು.

ಡಾಕ್ಟರು ನನ್ನ ಕಡೆ ನೋಡಲಿಲ್ಲ. "ಅದನ್ನು ಹೇಳಲಿಕ್ಕೆ ಬರುವುದಿಲ್ಲ" ಎಂದರು.

ಹೊರಗೆ ಬಂದ ಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು. "ನಾನು ನಿಮ್ಮನ್ನು ಹೇಳಿದ್ದಲ್ಲ ಅತ್ತಿಗೆ."

"ಗೊತ್ತುಂಟು" ಎಂದೆ. ಅವಳು ನನ್ನನ್ನು ಹೇಳಿದ್ದಲ್ಲ ಎಂಬುದು ನನಗೆ ನಿಜವಾಗಿಯೂ ಗೊತ್ತಿತ್ತು. ಆದರೂ ಆ ಪ್ರಶ್ನೆ ನನ್ನ ಜೊತೆ ಬಸ್ಸು ಹತ್ತಿತು, ಮನೆಗೂ ಬಂತು.

ಸುಧಾರಿಸಿದರೆ ಎಂಬ ಒಂದು ಮಾತನ್ನು ಹಿಡಿದು ನಾನು ಮಳೆಗಾಲ ಬಂದ ಮೇಲೂ ತೂಕ ಕಾಯ್ದುಕೊಂಡೆ. ಒಂದು ಸೌಟು ಅನ್ನ ಎರಡಾಗಲಿಲ್ಲ. ಮಳೆಗೆ ಬಂಡೆ ಜಾರುವುದೆಂದು ಕಾಲೇಜಿನ ಮಹಡಿ ಮೆಟ್ಟಿಲನ್ನೇ ಹತ್ತಿ ಇಳಿದೆ. ಕರೆದ ದಿನ ನಾನು ತಯಾರಿಲ್ಲ ಎಂದಾಗಬಾರದು ಎಂಬುದಷ್ಟೇ ತಲೆಯಲ್ಲಿ. ಕರೆಯಲಿಲ್ಲ. ದೋಣಿಗಳೆಲ್ಲ ದಡದಲ್ಲಿದ್ದ ಜುಲೈಯ ಒಂದು ಬೆಳಿಗ್ಗೆ, ಡಯಾಲಿಸಿಸ್‌ಗೆ ಹೊರಡಲೆಂದು ಅಂಗಿ ಹಾಕಿಕೊಳ್ಳುತ್ತಿದ್ದವನು ಮಂಚದ ಮೇಲೆ ಹಾಗೇ ಹಿಂದಕ್ಕೆ ಒರಗಿದನಂತೆ. ನಾನು ಕಾಪು ತಲುಪುವಾಗ ಅಂಗಳದಲ್ಲಿ ಕುರ್ಚಿಗಳನ್ನು ಇಡುತ್ತಿದ್ದರು.

ಹದಿಮೂರನೆಯ ದಿನದ ಉತ್ತರಕ್ರಿಯೆಗೆ, ನಮ್ಮ ಕಡೆಯ ಬೊಜ್ಜಕ್ಕೆ, ನೆಂಟರೆಲ್ಲ ಬಂದಿದ್ದರು. ಊಟಕ್ಕೆ ಎಲೆ ಹಾಕುವಾಗ ಮುಂಬಯಿಯಿಂದ ಬಂದಿದ್ದ ಚಿಕ್ಕಮ್ಮನ ಮಗಳು ನನ್ನ ಪಕ್ಕಕ್ಕೆ ಬಂದು ಕುಳಿತಳು. ಅವಳು ನನ್ನನ್ನು ನೋಡಿ ಎರಡು ವರ್ಷವಾಗಿತ್ತು. ವಿಷಯವೂ ಅವಳಿಗೆ ಪೂರ್ತಿ ಗೊತ್ತಿರಲಿಲ್ಲ.

"ಎಷ್ಟು ಸಪೂರ ಆಗಿದ್ದಿ ಅಕ್ಕ, ಗುರುತೇ ಸಿಗಲಿಲ್ಲ. ಎಂತ ಮಾಡಿದ್ದು? ನಾನು ಎಷ್ಟು ಮಾಡಿದರೂ ಇಳಿಯುವುದಿಲ್ಲ. ನನಗೂ ಹೇಳು."

ಅವಳದ್ದು ಕೆಟ್ಟ ಮನಸ್ಸಲ್ಲ. ನಾನು ಹೇಳತೊಡಗಿದೆ. ಬೆಳಿಗ್ಗೆ ತಿಂಡಿ ಬಿಡಬೇಡ. ಮೊಟ್ಟೆ ತಿನ್ನು, ಮೊಳಕೆಕಾಳು ತಿನ್ನು. ಅನ್ನ ಕಡಿಮೆ ಮಾಡು. ಮೆಟ್ಟಿಲು ಹತ್ತು. ನೀರು ಚೆನ್ನಾಗಿ ಕುಡಿ. ಅಲ್ಲಿಗೆ ಬಂದಾಗ ಮಾತು ನಿಂತಿತು. ಬಡಿಸಲೆಂದು ಸಾರಿನ ಪಾತ್ರೆ ಹಿಡಿದು ನಮ್ಮ ಎದುರು ನಿಂತಿದ್ದ ತಮ್ಮನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಪಾತ್ರೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಒಳಗೆ ಹೋದಳು.

ಆಮೇಲೆ ಬೆಟ್ಟ ಹತ್ತಲಿಲ್ಲ. ತೂಕ ನೋಡುವ ಯಂತ್ರವನ್ನು ಪಕ್ಕದ ಮನೆಯವರಿಗೆ ಕೊಟ್ಟೆ. ರವಿಕೆಗಳು ಮತ್ತೆ ಬಿಗಿಯಾಗುತ್ತಿವೆ. ಡಯೆಟಿಶಿಯನ್ ಒಮ್ಮೆ ಫೋನು ಮಾಡಿ, "ನಿಮಗೋಸ್ಕರವಾದರೂ ಮುಂದುವರಿಸಿ" ಎಂದಳು. ಆಗಲಿ ಎಂದೆ. ಅವಳು ಹೇಳುವುದು ಸರಿ. ನನಗೋಸ್ಕರ ಎಂದಾಗ ಮಾತ್ರ ಕಾಲು ಏಳುವುದಿಲ್ಲ.

ಭಾನುವಾರಗಳಲ್ಲಿ ಕಾಪುವಿಗೆ ಹೋಗುತ್ತೇನೆ. ತಮ್ಮನ ಹೆಂಡತಿ ಈಗ ಕಡ್ಡಿಯ ಹಾಗೆ ಆಗಿದ್ದಾಳೆ. ಬಟ್ಟಲಿನಲ್ಲಿ ಅನ್ನ ಕಲಸಿಕೊಂಡು ಕೂರುತ್ತಾಳೆ, ಬಾಯಿಗೆ ಹೋಗುವುದು ಕಡಿಮೆ. ಕಳೆದ ವಾರ ನಾನೇ ಬಂಗುಡೆ ಸಾರು ಮಾಡಿ ಅವಳ ಎದುರು ಕುಳಿತೆ.

"ಇನ್ನೊಂದು ಸೌಟು ಹಾಕಲಾ?"

"ಬೇಡ ಅತ್ತಿಗೆ, ಇಳಿಯುವುದಿಲ್ಲ."

"ಸ್ವಲ್ಪ ಹಾಕ್ತೇನೆ. ಅಮ್ಮನನ್ನು ನೋಡಿಕೊಳ್ಳಬೇಕಲ್ಲ, ಗಟ್ಟಿ ಇರಬೇಕು ನೀನು."

ಅವಳು ತಲೆ ತಗ್ಗಿಸಿ ಬಟ್ಟಲನ್ನು ಮುಂದಕ್ಕೆ ದೂಡಿದಳು. ಹಾಕಿದೆ. ಅರ್ಧ ತಿಂದಳು.