ಕಂಡಕ್ಟರಣ್ಣನ ಶ್ರುತಿ, ನನ್ನ ಹೆಡ್‌ಫೋನು

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನನ್ನನ್ನು ನೋಡಿಯೇ ಮಾಡಿರಬೇಕು. ನಲವತ್ತಾರು ದಾಟುವ ಹೊತ್ತಿಗೆ ನನ್ನ ಮದುವೆಯ ಮಾತೆತ್ತುವವರೆಲ್ಲ ದಣಿದು ಸುಮ್ಮನಾದರು. ಹುಚ್ಚು ಮಾತ್ರ ಉಳಿಯಿತು. ಮನೆಯಲ್ಲೇ ಕೂತು ಹಾಡು ರೆಕಾರ್ಡ್ ಮಾಡುವ ಹುಚ್ಚು ಅದು. ಮಿಜಾರಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದು ಜೋಡಿಸಿಡುವುದು ನನ್ನ ಕೆಲಸ. ಸಂಜೆ ಬಸ್ಸು ಹಿಡಿದು ಬಂದು ಮೂಡುಬಿದಿರೆಯ ಬಾಡಿಗೆ ಮನೆಯ ಮಹಡಿ ಹತ್ತಿದರೆ, ಮರುದಿನ ಬೆಳಗಿನವರೆಗೆ ನನ್ನೊಡನೆ ಮಾತಾಡುವವರು ಯಾರೂ ಇಲ್ಲ. ಮರುಕ ಹುಟ್ಟಲಿ ಎಂದು ಇದನ್ನು ಬರೆಯುತ್ತಿಲ್ಲ. ಒಂದು ಜೊತೆ ಹೆಡ್‌ಫೋನು ಆರಿಸಲು ಒಬ್ಬ ಮನುಷ್ಯನಿಗೆ ಏಳು ತಿಂಗಳು ಹೇಗೆ ಸಿಕ್ಕಿತು ಎಂದು ಯಾರಾದರೂ ಕೇಳಿಯಾರು, ಅದಕ್ಕೆ.

ಶನಿವಾರ ಮಾತ್ರ ಬೇರೆ. ಶನಿವಾರ ಸಂಜೆ ಶಿರ್ತಾಡಿಯ ಕಡೆಯ ಒಂದು ಭಜನಾ ಮಂದಿರದಲ್ಲಿ ನಾವು ಹದಿನಾಲ್ಕು ಮಂದಿ ಚಾಪೆಯ ಮೇಲೆ ಕೂರುತ್ತಿದ್ದೆವು. ಒಬ್ಬರು ಒಂದು ಸಾಲು ಹೇಳುವುದು, ಉಳಿದವರು ಅದನ್ನೇ ಹಿಂದಿನಿಂದ ಹೇಳುವುದು. ಹಾರ್ಮೋನಿಯಂ ಇಲ್ಲ, ತಾಳ, ಒಂದು ಡೋಲಕ್, ಅಷ್ಟೇ. ಮುಂದೆ ಕೂತು ಹೇಳುತ್ತಿದ್ದವರು ನಿವೃತ್ತ ಬಸ್ ಕಂಡಕ್ಟರು. ಎಲ್ಲರಿಗೂ ಅವರು ಕಂಡಕ್ಟರಣ್ಣ. ಮೂವತ್ತು ವರ್ಷದಿಂದ ಅವರೇ ಹೇಳುತ್ತಿದ್ದರು. ಸ್ವರ ಒಡೆದು ನಾನು ಹಾಡುವುದನ್ನೇ ಬಿಟ್ಟಿದ್ದ ಪ್ರಾಯದಲ್ಲಿ ನನ್ನ ಕೈಗೆ ತಾಳ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡವರು ಅವರು. ನನಗೆ ಹಾಡಲು ಬರುತ್ತದೆ ಎಂದು ಮೊದಲು ಹೇಳಿದವರೂ ಅವರೇ. ಬೇರೆ ಯಾರೂ ಹೇಳಿಲ್ಲ ಎಂಬುದನ್ನೂ ಸೇರಿಸಿಬಿಡುತ್ತೇನೆ.

ಹೆಡ್‌ಫೋನಿನ ವಿಷಯಕ್ಕೆ ಬರುತ್ತೇನೆ. ನನ್ನಲ್ಲಿ ಮೊದಲು ಇದ್ದದ್ದು ಢಂ ಢಂ ಎನ್ನುವ ಜಾತಿಯದ್ದು. ಅದರಲ್ಲಿ ಹರಿವಾಣ ಬಡಿದರೂ ಮದುವೆ ಮನೆಯ ಸೌಂಡ್ ಬಾಕ್ಸಿನಂತೆ ಕೇಳುತ್ತಿತ್ತು. ರೆಕಾರ್ಡಿಂಗಿಗೆ ಅದು ಆಗದು, ಇದ್ದದ್ದನ್ನು ಇದ್ದ ಹಾಗೆ ಕೇಳಿಸುವಂಥದ್ದು ಬೇಕು ಎಂದು ತಿಳಿಯಿತು. ಹಿಂಬದಿ ತೆರೆದಿರುವ ಬಗೆಯದ್ದು ಕಿವಿಗೆ ಹಿತ. ಆದರೆ ಅದರ ಸದ್ದು ಹೊರಗೆ ಸೋರಿ ಮೈಕಿಗೆ ಹೋಗುತ್ತದೆ. ಮುಚ್ಚಿದ್ದು ಸೋರುವುದಿಲ್ಲ; ಆದರೆ ಕಿವಿ ಬೆವರುತ್ತದೆ. ಏಳು ತಿಂಗಳು ಓದಿ, ವಿಡಿಯೋ ನೋಡಿ, ಗೊತ್ತಿಲ್ಲದವರೊಡನೆ ಇಂಟರ್ನೆಟ್ಟಿನಲ್ಲಿ ಜಗಳವಾಡಿ, ಮುಚ್ಚಿದ್ದನ್ನು ತರಿಸಿದೆ. ಹಾಕಿಕೊಂಡು ನನ್ನದೇ ಹಾಡು ಕೇಳಿದರೆ ಉಸಿರೆಳೆದದ್ದು, ಕುರ್ಚಿ ಕಿರುಗುಟ್ಟಿದ್ದು, ಕೆಳಗಿನ ಮನೆಯ ಕುಕ್ಕರ್ ಕೂಗಿದ್ದು ಎಲ್ಲವೂ ಉಂಟು. ನನ್ನ ಶ್ರುತಿ ಮಾತ್ರ ಅಲ್ಲಲ್ಲಿ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮಾರಿದವನಿಗೆ ಫೋನ್ ಮಾಡಿ ಹೆಡ್‌ಫೋನು ಸರಿ ಇಲ್ಲ ಎಂದು ಗದರಿದೆ. ಒಂದು ವಾರ ಕಳೆದ ಮೇಲೆ ಸರಿ ಇಲ್ಲದ್ದು ಯಾವುದು ಎಂದು ಒಪ್ಪಿಕೊಂಡು ಅಭ್ಯಾಸಕ್ಕೆ ಕೂತೆ. ಒಂದು ವರ್ಷದಲ್ಲಿ ನನ್ನ ಸ್ವರ ಸುಧಾರಿಸಿತು, ಸ್ವಭಾವ ಕೆಟ್ಟಿತು. ಯಾರು ಹಾಡಿದರೂ ಮೊದಲು ತಪ್ಪೇ ಕಿವಿಗೆ ಬೀಳತೊಡಗಿತು.

ಆ ವರ್ಷವೇ ನಮ್ಮ ಭಜನೆಯನ್ನು ರೆಕಾರ್ಡ್ ಮಾಡುವ ಯೋಚನೆ ಬಂತು. ಕಂಡಕ್ಟರಣ್ಣನ ಮುಂದೆ ಒಂದು ಮೈಕು, ಉಳಿದವರಿಗೆ ಒಂದು. ಗುಂಡಿ ಒತ್ತಿ ನಾನೂ ಸಾಲಿನಲ್ಲಿ ಕೂತು ಹಿಂದಿನಿಂದ ಹೇಳಿದೆ. ಮನೆಗೆ ತಂದು ಕಂಡಕ್ಟರಣ್ಣನ ಸ್ವರವನ್ನು ಒಂದನ್ನೇ ಕೇಳಿದರೆ, ಎರಡನೇ ಚರಣದ ನಂತರ ಶ್ರುತಿ ಕೆಳಗಿಳಿದಿತ್ತು. ಕಂಪ್ಯೂಟರಿನಲ್ಲಿ ಶ್ರುತಿ ತೋರಿಸುವ ಒಂದು ಮುಳ್ಳು ಉಂಟು, ಅದೂ ಅದನ್ನೇ ಹೇಳಿತು. ಪ್ರಾಯ ಆಯಿತು ಪಾಪ ಎಂದುಕೊಂಡು ಅವರ ಸ್ವರವನ್ನು ಕೇಳದಷ್ಟು ತಗ್ಗಿಸಿ, ಆ ಜಾಗದಲ್ಲಿ ನಾನು ಹಾಡಿ ಸೇರಿಸಿದೆ. ಈಗ ಹಿಂದಿನಿಂದ ಹೇಳುವವರ ಸ್ವರ ನನ್ನದಕ್ಕೆ ಹೊಂದಲಿಲ್ಲ. ಅವರನ್ನೂ ತಗ್ಗಿಸಿದೆ. ಅವರ ಬದಲು ನಾಲ್ಕು ಸಲ ಬೇರೆ ಬೇರೆಯಾಗಿ ಹಾಡಿ, ನಾನೇ ಗುಂಪಾದೆ. ಎಲ್ಲ ಮುಗಿದಾಗ ಹದಿನಾಲ್ಕು ಜನರ ಭಜನೆಯಲ್ಲಿ ಇದ್ದದ್ದು ಡೋಲಕ್, ತಾಳ ಮತ್ತು ನಾನು. ನನಗೆ ಅದು ಬಹಳ ಚಂದ ಕಂಡಿತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಅದನ್ನು ಎಲ್ಲರಿಗೂ ಒಟ್ಟಿಗೆ ಕೇಳಿಸಬೇಕಲ್ಲ, ಅದಕ್ಕೆ ಸ್ಪೀಕರ್ ಬೇಕಾಯಿತು. ಸ್ಟುಡಿಯೋದವರು ಬಳಸುವ ಇಂಥ ಸ್ಪೀಕರಿಗೆ ಮಾನಿಟರ್ ಎನ್ನುತ್ತಾರೆ. ಅದೂ ಹೆಡ್‌ಫೋನಿನಂತೆಯೇ, ಬಣ್ಣ ಬಳಿಯದೆ ಇದ್ದದ್ದನ್ನು ಹೇಳುವ ಸಾಧನ. ಬಿ.ಸಿ. ರೋಡ್ ಪೇಟೆಯಲ್ಲಿ ಗಲ್ಫಿನಿಂದ ಮರಳಿದ್ದ ಒಬ್ಬ ಬ್ಯಾರಿ ಸಾಹೇಬರು ಇದ್ದರು. ಅಲ್ಲಿ ಸ್ಟುಡಿಯೋದಲ್ಲಿ ದುಡಿದವರು, ತಮ್ಮ ಹಳೆಯ ಮಾನಿಟರುಗಳನ್ನು ಮಾರಲು ಇಟ್ಟಿದ್ದರು. ಭಾನುವಾರ ಹೋದೆ. ದೊಡ್ಡದಕ್ಕೆ ಕೈ ಹಾಕಿದರೆ ಬೇಡವೆಂದರು. ನನ್ನಂಥ ಸಣ್ಣ ಕೋಣೆಯಲ್ಲಿ ಅದು ಗುಂಯ್‌ಗುಟ್ಟುತ್ತದೆ, ಐದಿಂಚಿನದ್ದು ಸಾಕು ಎಂದರು. ಚೆನ್ನಾಗಿ ಗೊತ್ತಿರುವ ಸ್ವರವೊಂದನ್ನು ಹಾಕಿ ನೋಡಿ, ಯಾರದ್ದಾದರೂ ಆದೀತು ಎಂದರು. ನಾನು ನನ್ನದೇ ಹಾಕಿದೆ. ಅವರು ಕೊನೆಯವರೆಗೆ ಕೇಳಿ, ಚಾ ತರಿಸಿ, ನಿಮ್ಮ ಮನೆಯಲ್ಲಿ ಎಷ್ಟು ಜನ ಎಂದು ವಿಚಾರಿಸಿದರು. ಒಬ್ಬನೇ ಎಂದೆ. ಅವರು ಡಬ್ಬಗಳನ್ನು ಹಗ್ಗ ಹಾಕಿ ಕಟ್ಟಿಕೊಟ್ಟರು.

ನಮ್ಮಲ್ಲಿ ವರ್ಷಕ್ಕೊಮ್ಮೆ ನಗರ ಭಜನೆ ನಡೆಯುತ್ತದೆ. ತಂಡ ಮನೆಮನೆಗೆ ಹೋಗಿ, ಕಾಲುದೀಪದ ಮುಂದೆ ಕೂತು ಎರಡು ಭಜನೆ ಹೇಳಿ, ಪಂಚಕಜ್ಜಾಯ ತಿಂದು ಮುಂದಿನ ಮನೆಗೆ ನಡೆಯುವುದು. ಒಂಟಿ ಗಂಡಸಿನ ಬಾಡಿಗೆ ಮನೆ ಆ ಪಟ್ಟಿಯಲ್ಲಿ ಎಂದೂ ಇರಲಿಲ್ಲ. ಆ ವರ್ಷ ನಾನಾಗಿ ಕೇಳಿಕೊಂಡೆ. ದೀಪ ತಂದೆ, ನೆಲ ಒರೆಸಿದೆ, ಪಂಚಕಜ್ಜಾಯ ಮಾಡಲು ಕಲಿತೆ. ಗೋಡೆಗೆ ಸದ್ದು ಬಡಿಯದಂತೆ ಮೂಲೆಗಳಲ್ಲಿ ಹಾಸಿಗೆ ನಿಲ್ಲಿಸಿ, ಎರಡು ಸ್ಟೂಲುಗಳ ಮೇಲೆ ಮಾನಿಟರುಗಳನ್ನು ಇಟ್ಟೆ. ಎಲ್ಲರೂ ಬಂದರು, ಭಜನೆ ಹೇಳಿದರು. ನನ್ನ ಮನೆಯಲ್ಲಿ ಅಷ್ಟು ಚಪ್ಪಲಿಗಳನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಒಂದು ವಿಶೇಷ ಉಂಟು ಎಂದು ಹೇಳಿ ರೆಕಾರ್ಡಿಂಗ್ ಹಾಕಿದೆ.

ಎಲ್ಲರೂ ತಮ್ಮ ಸ್ವರ ಈಗ ಬಂದೀತು, ಈಗ ಬಂದೀತು ಎಂದು ಕಾಯುತ್ತಿದ್ದರು. ಒಬ್ಬೊಬ್ಬರೇ ನೆಲ ನೋಡತೊಡಗಿದರು. ಮುಗಿದ ಮೇಲೆ ಕಂಡಕ್ಟರಣ್ಣ ಮಾತ್ರ ತಲೆಯೆತ್ತಿದರು.

"ಇದರಲ್ಲಿ ನಾವು ಎಲ್ಲಿ ಉಂಟು?"

ನನಗೆ ಅದು ತಾಂತ್ರಿಕ ಪ್ರಶ್ನೆಯಂತೆ ಕೇಳಿತು. ನಿಮ್ಮ ಶ್ರುತಿ ಇಳಿದಿತ್ತು, ಹಾಗಾಗಿ ತೆಗೆಯಬೇಕಾಯಿತು ಎಂದು ಎಲ್ಲರ ಮುಂದೆ ವಿವರಿಸಿದೆ. ಕಂಪ್ಯೂಟರಿನ ಮುಳ್ಳನ್ನೂ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, ಚಂದ ಆಗಿದೆ ಎಂದರು. ಪಂಚಕಜ್ಜಾಯ ತಿಂದು, ದೀಪಕ್ಕೆ ಕೈಮುಗಿದು, ಎಲ್ಲರನ್ನೂ ಕರೆದುಕೊಂಡು ಇಳಿದು ಹೋದರು. ಹೋಗುವ ಮೊದಲು ಫೋನು ಚಾಚಿ ಆ ಹಾಡನ್ನು ಹಾಕಿಸಿಕೊಂಡರು.

ಮುಂದಿನ ಶನಿವಾರ ಅವರು ಬರಲಿಲ್ಲ. ಅದರ ಮುಂದಿನದ್ದಕ್ಕೂ ಇಲ್ಲ. ಗಂಟಲು ಸರಿ ಇಲ್ಲವಂತೆ ಎಂದು ಯಾರೋ ಹೇಳಿದರು. ನನ್ನೊಡನೆ ಯಾರೂ ಜಗಳ ಮಾಡಲಿಲ್ಲ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಚಾಪೆಯ ಮೇಲೆ ನನ್ನ ಎರಡೂ ಬದಿ ಒಂದಿಷ್ಟು ಜಾಗ ಬಿಟ್ಟು ಕೂರುತ್ತಿದ್ದರು, ಅಷ್ಟೇ. ಆರು ವಾರ ತಡೆದೆ. ಏಳನೆಯ ಶನಿವಾರ ಶಿರ್ತಾಡಿ ಬಸ್ಸು ಬಂದು ನಿಂತಿತು, ನಾನು ಹತ್ತಲಿಲ್ಲ. ಅಂದಿನಿಂದ ಶನಿವಾರವೂ ಉಳಿದ ದಿನಗಳಂತೆಯೇ ಆಯಿತು.

ಒಂದು ಭಾನುವಾರ ಅಡುಗೆ ಕೋಣೆಯಲ್ಲಿ ಗಂಜಿಗೆ ಇಟ್ಟಿದ್ದೆ. ಮನೆ ತೀರಾ ಮೌನವಾಗಿತ್ತು. ಜನ ಇದ್ದ ಹಾಗೆ ಕೇಳಲಿ ಎಂದು ಆ ಭಜನೆಯ ಮೂಲ ರೆಕಾರ್ಡಿಂಗನ್ನು, ನಾನು ಏನೂ ಮಾಡದೆ ಉಳಿಸಿದ್ದನ್ನು, ಮಾನಿಟರಿನಲ್ಲಿ ಹಾಕಿ ಒಲೆಯ ಬಳಿಗೆ ಬಂದೆ. ಹೆಡ್‌ಫೋನಿನಲ್ಲಿ ಸ್ವರ ತಲೆಯ ಒಳಗೇ ಕೂತಿರುತ್ತದೆ. ಆಚೆ ಕೋಣೆಯಿಂದ ಬರುವ ಸ್ವರ ಹಾಗಲ್ಲ. ಎರಡನೇ ಚರಣದ ನಂತರ ಕಂಡಕ್ಟರಣ್ಣ ಇಳಿದರು. ಅವರೊಂದಿಗೆ ಎಲ್ಲರೂ, ಹೇಳಿಕೊಟ್ಟ ಹಾಗೆ, ಒಟ್ಟಿಗೇ ಇಳಿದರು. ಒಬ್ಬರೂ ತಪ್ಪಲಿಲ್ಲ. ತಪ್ಪಿ ಇಳಿದವರನ್ನು ಇಷ್ಟು ಜನ ಹೀಗೆ ಹಿಂಬಾಲಿಸುವುದಿಲ್ಲ. ಗಂಜಿ ಬಿಟ್ಟು ಓಡಿಬಂದು ಹೆಡ್‌ಫೋನು ಹಾಕಿ, ಅವರ ಮೈಕಿನದ್ದನ್ನು ಮಾತ್ರ ಆ ಜಾಗದಲ್ಲಿ ಕೇಳಿದೆ. ಗಲಾಟೆ ಎಂದು ಮೊದಲ ದಿನವೇ ನನ್ನ ಪ್ರತಿಯಿಂದ ಕತ್ತರಿಸಿ ಎಸೆದಿದ್ದ ತುಂಡು ಅದು. ತಾಳದ ನಡುವೆ ಅವರು ಪಕ್ಕದವರಿಗೆ ಮೆಲ್ಲಗೆ ಹೇಳಿದ್ದರು:

"ಅವನಿಗೆ ಗಂಟಲು ಕಟ್ಟಿದೆ. ಒಂಚೂರು ಇಳಿಸುವ."

ಅವನು ಎಂದರೆ ನಾನು. ಆ ವಾರ ಶೀತವಾಗಿ ಮೂರು ದಿನ ರಜೆ ಹಾಕಿದ್ದೆ. ಹಿಂದಿನ ಸಾಲಿನಲ್ಲಿ ಮೇಲಿನ ಸ್ವರ ಎಟುಕದೆ ಒದ್ದಾಡುತ್ತಿದ್ದೆ. ಗುಣವಾದ ಮೇಲೆ ಹಾಡಿ ಸೇರಿಸಿದ್ದರಿಂದ ಅದೆಲ್ಲ ನೆನಪೇ ಇರಲಿಲ್ಲ. ಗಂಜಿ ಸೀದು ವಾಸನೆ ಬಂದರೂ ಆ ತುಂಡನ್ನೇ ಮತ್ತೆ ಮತ್ತೆ ಹಾಕಿ ಕೇಳಿದೆ.

ಅಂದೇ ಮಧ್ಯಾಹ್ನ ಆ ತುಂಡನ್ನು ಫೋನಿಗೆ ತುಂಬಿಸಿ, ಹೆಡ್‌ಫೋನನ್ನು ಚೀಲಕ್ಕೆ ಹಾಕಿಕೊಂಡು ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂತಿದ್ದರು, ಬಾ ಎಂದರು. ಏನೂ ವಿವರಿಸದೆ ಅವರ ಕಿವಿಗೆ ಹೆಡ್‌ಫೋನು ಇಟ್ಟು ಆ ತುಂಡನ್ನು ಕೇಳಿಸಿದೆ. ಅವರು ಹೆಡ್‌ಫೋನು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ತಪ್ಪು ನನ್ನದು, ಕಂಡಕ್ಟರಣ್ಣ, ಎಂದೆ. ಹಾಗೆ ಹೇಳಿದ್ದು ಅವರಿಗೆ ನೆನಪಿರಲಿಲ್ಲ. ಯಾರಿಗೋ ಕಷ್ಟವಾದರೆ ಇಳಿಸುವುದು ಪ್ರತಿ ಶನಿವಾರವೂ ಇದ್ದದ್ದೇ, ಯಾವುದನ್ನೆಂದು ನೆನಪಿಡಲಿ ಎಂದರು. ಶನಿವಾರ ಬನ್ನಿ, ನಾನೂ ಬರುತ್ತೇನೆ ಎಂದು ಕರೆದೆ. ಇನ್ನು ಸಾಕು, ಹೇಳಲು ಬೇರೆಯವರು ಆಗಿದ್ದಾರೆ ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಆ ಮುಳ್ಳು ತೋರಿಸಿದ್ದನ್ನು ಅವರು ನಿಜವಾಗಿ ನಂಬಿದ್ದರು. ಮೂವತ್ತು ವರ್ಷ ಹೇಳಿದ ಮನುಷ್ಯನ ಬಾಯನ್ನು ಎರಡು ನಿಮಿಷದಲ್ಲಿ ಮುಚ್ಚಿಸಿದವನು ನಾನು. ಅದನ್ನು ತೆರೆಯಿಸುವುದು ನನಗೆ ಗೊತ್ತಿರಲಿಲ್ಲ.

ಹೊರಡಲು ಎದ್ದಾಗ ಅವರು ಫೋನು ತೆಗೆದು ತೋರಿಸಿದರು. ನನ್ನ ಹಾಡು ಅದರಲ್ಲಿ ಇನ್ನೂ ಇತ್ತು.

"ಸಂಜೆ ದೀಪ ಇಟ್ಟ ಮೇಲೆ ಇದನ್ನು ಹಾಕಿ, ನಿನ್ನ ಹಿಂದಿನಿಂದ ಹೇಳುವ ಅಂತ ಕೂತುಕೊಳ್ತೇನೆ. ಆದರೆ ನೀನು ಜಾಗವೇ ಬಿಡಲಿಲ್ಲ ಮಾರಾಯ. ಹಿಂದಿನಿಂದ ಹೇಳುವುದನ್ನೂ ನೀನೇ ಹೇಳಿದ್ದಿ."

ಮನೆಗೆ ಬಂದು ಆ ರೆಕಾರ್ಡಿಂಗಿನಿಂದ ಗುಂಪಾಗಿ ಹಾಡಿದ್ದ ನನ್ನ ನಾಲ್ಕೂ ಸ್ವರಗಳನ್ನು ಅಳಿಸಿದೆ. ಮುಂದಿನಿಂದ ಹೇಳಿದ್ದನ್ನೂ ಅಳಿಸಿ, ಎಪ್ಪತ್ತು ದಾಟಿದ ಗಂಟಲಿಗೆ ಎಟುಕುವಷ್ಟು ಇಳಿಸಿ ಹೊಸದಾಗಿ ಹಾಡಿದೆ. ಕಂಡಕ್ಟರಣ್ಣನಿಗೆ ಕಳಿಸುವ ಮೊದಲು ಒಮ್ಮೆ ಮಾನಿಟರಿನಲ್ಲಿ ಹಾಕಿ ಕೇಳಿದೆ. ನನ್ನ ಒಂದು ಸಾಲು ಮುಗಿಯಿತು. ಅದನ್ನೇ ಇನ್ನೊಬ್ಬರು ನಿಧಾನವಾಗಿ ಹೇಳಿ ಮುಗಿಸುವಷ್ಟು ಹೊತ್ತು ಕೋಣೆಯಲ್ಲಿ ತಾಳ ಮಾತ್ರ ಕೇಳುತ್ತಿತ್ತು.