ಗಾಡಿಯಲ್ಲಿರುವವನಿಗೆ ಹೇಳಬಾರದು

ಆ ಕ್ಯಾರವಾನು ವಯಸ್ಸಿನಲ್ಲಿ ನನಗಿಂತ ಹಿರಿಯದು. ಅದಕ್ಕೆ ಇಂಜಿನ್ನೂ ಇಲ್ಲ, ಸ್ಟೀರಿಂಗೂ ಇಲ್ಲ. ದೊಡ್ಡ ಗಾಡಿಯ ಹಿಂದೆ ಕೊಕ್ಕೆ ಹಾಕಿ ಎಳೆದುಕೊಂಡು ಹೋಗಬೇಕಾದ ಗಾಲಿಯ ಮೇಲಿನ ಮನೆ. ನಮ್ಮ ಮುದೀರ್, ಅಂದರೆ ಇಲ್ಲಿ ಗಲ್ಫಿನಲ್ಲಿ ನಾನು ಕೆಲಸ ಮಾಡುವ ಕಂಪನಿಯ ಯಜಮಾನ, ಅದು ತನ್ನ ತಂದೆ ಕೊಂಡದ್ದೆಂದು ಮಾರಲೂ ಒಲ್ಲ, ಗುಜರಿಗೆ ಹಾಕಲೂ ಒಲ್ಲ. ಚಳಿಗಾಲ ಬಂತೆಂದರೆ ಉಮ್ಮ್ ಸಲಾಲ್‌ನ ಅವನ ಮನೆಯಿಂದ ಅದನ್ನು ಮೆಸೈದ್ ಆಚೆಯ ಮರಳಿಗೆ, ಮನೆಯವರು ಟೆಂಟು ಹಾಕುವ ಕ್ಯಾಂಪಿಗೆ, ಒಯ್ದು ನಿಲ್ಲಿಸಬೇಕು. ಬಿಸಿಲು ಬಲಿಯುವ ಮೊದಲು ವಾಪಸ್ ತರಬೇಕು. ಅದರ ಅಲ್ಯೂಮಿನಿಯಂ ಮೈಯನ್ನು ತಿಕ್ಕಿ ತಿಕ್ಕಿ ಮುಖ ಕಾಣುವ ಹಾಗೆ ಹೊಳೆಯಿಸಬೇಕು. ಒಳಗಿನ ನೆಲದ ಪ್ಲೈವುಡ್ ಮಾತ್ರ ಕೊಳೆತು ಕಾಲಿಟ್ಟಲ್ಲಿ ತಗ್ಗುತ್ತಿತ್ತು. ಹೊರಗೆ ಥಳಕು, ಒಳಗೆ ಹುಳುಕು ಎಂಬ ಮಾತನ್ನು ಯಾರೋ ಇದನ್ನು ನೋಡಿಯೇ ಹೇಳಿರಬೇಕು.

ನಾನು ಎಸಿ ಮೆಕ್ಯಾನಿಕ್. ಗದಗದ ಕಡೆಯವನು. ಮುಐದರಿನ ಒಂದು ವಿಲ್ಲಾದಲ್ಲಿ ನಮ್ಮ ಕಡೆಯ ಹುಡುಗರ ಜೊತೆ ನನ್ನ ರೂಮು. ಮೊದಲ ವರ್ಷ ಕ್ಯಾರವಾನಿನ ಎಸಿ ನೋಡಲು ಕರೆದರು. ಅದನ್ನು ಸರಿ ಮಾಡಿದ ತಪ್ಪಿಗೆ ಅದರ ಸೋರುವ ಚಾವಣಿ, ಕಿಟಕಿಯ ರಬ್ಬರು, ತುಕ್ಕು ಹಿಡಿದ ವೈರು, ಗ್ಯಾಸಿನ ಪೈಪು ಎಲ್ಲವನ್ನೂ ನನ್ನ ಕೊರಳಿಗೆ ಕಟ್ಟಿದರು. ಇಂಥ ಹಳೆಯದಕ್ಕೆ ಬಿಡಿಭಾಗ ಎಲ್ಲಿಯೂ ಸಿಗುವುದಿಲ್ಲ. ಇದ್ದುದರಲ್ಲೇ ಕೊಯ್ದು, ಉಜ್ಜಿ, ಬಡಿದು ಕೂರಿಸಬೇಕು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

ಅದನ್ನು ಎಳೆಯುವವರು ಮುದೀರ್ ಮನೆಯ ಡ್ರೈವರ್. ಉಪ್ಪಿನಂಗಡಿ ಕಡೆಯ ಬ್ಯಾರಿ, ಗಡ್ಡ ಪೂರ್ತಿ ನೆರೆತವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ದಾರಿಯಲ್ಲಿ ಎಲ್ಲಿ ನಿಲ್ಲಿಸಿದರೂ ಅವರು ಮೊದಲು ಇಳಿದು ಹೋಗಿ ಕ್ಯಾರವಾನಿನ ಒಂದೊಂದು ಗಾಲಿಯ ನಟ್ಟನಡುವಿಗೆ ಅಂಗೈ ಇಟ್ಟು ನೋಡುತ್ತಿದ್ದರು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಒಳಗಿನ ಬೇರಿಂಗಿಗೆ ಮರಳು ಸೇರಿದರೆ ಅಲ್ಲಿ ಬಿಸಿ ಏರುತ್ತದೆ. ಬಿಸಿ ಏರಿದ್ದು ಗೊತ್ತಾಗದೆ ಓಡಿಸಿದರೆ ಗಾಲಿಯೇ ಕಳಚಿ ಮುಂದೆ ಓಡುತ್ತದೆ.

ಆ ವರ್ಷ ನನ್ನ ಜೀವ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿತ್ತು. ನನಗಿದ್ದವಳು ಒಬ್ಬಳೇ ಅಕ್ಕ. ಅವ್ವ ಹೋದಾಗ ನಾನು ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ಅಕ್ಕ ತಾನು ಶಾಲೆ ಬಿಟ್ಟು ನನ್ನನ್ನು ಶಾಲೆಗೆ ಕಳಿಸಿದಳು. ರೊಟ್ಟಿ ಬಡಿಯುತ್ತ ನನ್ನ ಮಗ್ಗಿ ಒಪ್ಪಿಸಿಕೊಂಡಳು. ತಪ್ಪಿದರೆ ಹಿಟ್ಟಿನ ಕೈಯಲ್ಲೇ ಕಪಾಳಕ್ಕೆ ಕೊಡುತ್ತಿದ್ದಳು. ಈಗ ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಫೋನಿನಲ್ಲಿ ಅವಳ ದನಿ ದಿನದಿನಕ್ಕೆ ಸಣ್ಣದಾಗುತ್ತಿತ್ತು. "ಒಮ್ಮೆ ಬಂದು ಮಾರಿ ತೋರಿಸಿ ಹೋಗೋ ತಮ್ಮಾ," ಎಂದಿದ್ದಳು. ಅಷ್ಟು ಸಾಕಾಗಿತ್ತು.

ರಜೆ ಕೇಳಲು ಹೋದರೆ ಮುದೀರ್ ಇಲ್ಲ ಎನ್ನಲಿಲ್ಲ. ಕ್ಯಾಂಪು ಎತ್ತುವ ಕಾಲ ಬಂದಿತ್ತು, ಆದ್ದರಿಂದ ಒಂದು ಷರತ್ತು ಹಾಕಿದ. "ಅವ್ವಲ್ ಕ್ಯಾರವಾನ್, ಬಾದೇನ್ ಇಂಡಿಯಾ. ಖಲಾಸ್," ಎಂದ. ಮೊದಲು ಕ್ಯಾರವಾನನ್ನು ಮನೆ ಮುಟ್ಟಿಸಬೇಕು, ಮುಟ್ಟಿಸಿದ ದಿನವೇ ನನಗೆ ಟಿಕೆಟ್ಟು. ನಾನು ಆ ಮಾತು ನಂಬಿಕೊಂಡು ಕ್ಯಾಂಪಿಗೆ ಹೋದೆ. ಆ ಡಬ್ಬಿ ಉಮ್ಮ್ ಸಲಾಲ್ ತಲುಪಿದರೆ ನಾನು ಅಕ್ಕನನ್ನು ನೋಡುತ್ತೇನೆ. ಇಷ್ಟೇ ನನ್ನ ತಲೆಯಲ್ಲಿದ್ದದ್ದು.

ಹೊರಡುವ ದಿನ ಬೆಳಿಗ್ಗೆ ಹಿಂದಿನ ಲೈಟು ಉರಿಯಲಿಲ್ಲ. ಲೈಟಿಲ್ಲದೆ ಹೈವೇಗೆ ಹತ್ತುವಂತಿಲ್ಲ. ನಾನು ಕ್ಯಾರವಾನಿನ ಕೆಳಗೆ ಮಲಗಿ, ಕಣ್ಣಿಗೆ ಮರಳು ಉದುರಿಸಿಕೊಳ್ಳುತ್ತ, ಅರ್ಥಿಂಗ್ ವೈರಿನ ತುಕ್ಕು ಉಜ್ಜುತ್ತಿದ್ದೆ. ಕಾಕಾನ ಫೋನು ರಿಂಗಾಯಿತು. ಅವರು ಮಾತಾಡುತ್ತ ಟೆಂಟಿನ ಕಡೆ ಹೋದರು. ನನಗೆ ಅವರ ಚಪ್ಪಲಿಗಳಷ್ಟೇ ಕಂಡವು. ಆ ಚಪ್ಪಲಿಗಳು ಬಹಳ ಹೊತ್ತು ಒಂದೇ ಕಡೆ ನಿಂತಿದ್ದವು.

"ಯಾರ್ರಿ ಕಾಕಾ?" ಎಂದೆ ಅವರು ಬಂದಾಗ.

"ಎಂತ ಇಲ್ಲ ಮಾರಾಯ. ಊರಿಂದ," ಎಂದರು.

ಆ ಕರೆ ನನ್ನ ಭಾವನದು ಎಂದು ನನಗೆ ತಿಳಿದದ್ದು ಆಮೇಲೆ. ಅಕ್ಕ ಸ್ವಲ್ಪ ಹೊತ್ತಿನ ಮುಂಚೆ ಹೋಗಿದ್ದಳು. ಕಾಕಾನ ನಂಬರು ಭಾವನ ಹತ್ತಿರ ಮೊದಲಿಂದ ಇತ್ತು. ನಾನು ಸಿಗದಿದ್ದರೆ ಇರಲಿ ಎಂದು ನಾನೇ ಕೊಟ್ಟದ್ದು. ಅಂದು ಗಾಡಿ ಹೊರಡುವುದನ್ನೂ ಅವನಿಗೆ ಮೊದಲೇ ಹೇಳಿದ್ದೆ. ಭಾವ ಸುದ್ದಿ ಹೇಳಿ, "ಅವ ಗಾಡ್ಯಾಗ ಅದಾನ, ಈಗ ಹೇಳಬ್ಯಾಡ್ರಿ, ರೂಮ್ ಮುಟ್ಟಿದ ಮ್ಯಾಲೆ ಹೇಳ್ರಿ," ಎಂದನಂತೆ. ಕಾಕಾ ಹೂಂ ಎಂದರಂತೆ.

ಗಲ್ಫಿನಲ್ಲಿ ದುಡಿಯುವವರ ನಡುವೆ ಇದೊಂದು ಪದ್ಧತಿ. ಗಾಡಿಯಲ್ಲಿರುವವನಿಗೆ, ಎತ್ತರದ ಮೇಲೆ ಕೆಲಸ ಮಾಡುವವನಿಗೆ ಊರಿನ ಸಾವು ಹೇಳಬಾರದು. ಅವನು ರೂಮಿಗೆ ಬರಬೇಕು, ಕೈಕಾಲು ತೊಳೆಯಬೇಕು, ಎರಡು ತುತ್ತು ಉಣ್ಣಬೇಕು. ಅಷ್ಟರಲ್ಲಿ ಉಳಿದವರು ಅವನ ಬ್ಯಾಗು ತುಂಬಿಟ್ಟಿರುತ್ತಾರೆ. ಆಮೇಲೆ ಯಾರಾದರೂ ಹಿರಿಯರು ಹೆಗಲ ಮೇಲೆ ಕೈ ಇಡುತ್ತಾರೆ. ಊರವರಿಗೂ ಇದು ಗೊತ್ತು. ಎಲ್ಲರೂ ಇದನ್ನು ಕರುಣೆ ಎಂದೇ ತಿಳಿದಿದ್ದಾರೆ. ನನ್ನ ಪ್ರಕಾರ ಇದು ಹೇಳಲು ಧೈರ್ಯವಿಲ್ಲದವರು ತಮಗಾಗಿ ಮಾಡಿಕೊಂಡ ಅನುಕೂಲ. ಆದರೆ ನಾನೂ ಬೇರೆಯವರ ಬ್ಯಾಗು ತುಂಬಿದವನೇ.

ಲೈಟು ಹತ್ತಿತು. ಹೊರಟೆವು. ಕಾಕಾ ದಿನಾ ಬಾಯಿ ಮುಚ್ಚದೆ ತಮ್ಮ ಹಳೆಯ ಮುದೀರರನ್ನು ಆಡಿಕೊಳ್ಳುತ್ತಿದ್ದವರು, ಅಂದು ತುಟಿ ಬಿಚ್ಚಲಿಲ್ಲ. ಫ್ಲಾಸ್ಕಿನಿಂದ ನನಗೆ ಎರಡೆರಡು ಸಲ ಚಹಾ ಬಗ್ಗಿಸಿ ಕೊಟ್ಟರು. ಮೆಸೈದ್ ದಾಟಿ ಸ್ವಲ್ಪ ದೂರ ಬಂದಿದ್ದೆವು, ಸುಟ್ಟ ವಾಸನೆ ಬಂತು. ರಸ್ತೆಯ ಬದಿಗೆ ಇಳಿಸಿ ನಿಲ್ಲಿಸಿದರು. ಎಡಗಡೆಯ ಗಾಲಿಯ ಹತ್ತಿರ ಕೈ ಒಯ್ಯಲಾಗದಷ್ಟು ಬಿಸಿ. ಗಾಲಿ ಹಿಡಿದು ಅಲುಗಿಸಿದರೆ ಹಣ್ಣು ಮುದುಕನ ಹಲ್ಲಿನಂತೆ ಆಡುತ್ತಿತ್ತು. ಬೇರಿಂಗ್ ಹೋಗಿತ್ತು.

ಹೊಸ ಬೇರಿಂಗ್ ನನ್ನ ಪೆಟ್ಟಿಗೆಯಲ್ಲಿತ್ತು. ಜಾಕಿನ ಕೆಳಗೆ ಹಲಗೆ ಇಡಲು ಹುಡುಕುತ್ತಿದ್ದೆ. ಕಾಕಾ ಬಂದು ನನ್ನ ತೋಳು ಹಿಡಿದರು.

"ಬಿಡು ಮಾರಾಯ. ಇದನ್ನು ಇಲ್ಲೇ ಬಿಟ್ಟು ನಾವು ಹೋಗುವ. ಆಮೇಲೆ ಯಾರಾದರೂ ಬಂದು ತರ್ಲಿ."

"ಹುಚ್ಚ ಹಿಡದೈತೇನ್ರಿ ನಿಮಗ? ಇದನ್ನ ರಸ್ತಾದಾಗ ಬಿಟ್ಟು ಹೋದ್ರ ನನಗ ರಜಾ ಕೊಡ್ತಾನೇನವ?"

"ಕೊಡ್ತಾರೆ. ನಾನು ಮಾತಾಡ್ತೇನೆ."

"ನೀವು ಮಾತಾಡೂದು ನನಗ ಗೊತ್ತೈತಿ. ಅವನ ಮುಂದ ನಿಂತ್ರ ತಲಿ ಎತ್ತೂದಿಲ್ಲ ನೀವು."

"ಒಂದು ಸಲ ನನ್ನ ಮಾತು ಕೇಳು. ಇದು ರಿಪೇರಿ ಆಗುವಾಗ ಹೊತ್ತು ಮುಳುಗ್ತದೆ."

"ಮುಳುಗಲಿ. ನಿಮಗೇನಾಗಬೇಕೈತ್ರಿ? ದವಾಖಾನ್ಯಾಗ ಮಲಗಿದಾಕಿ ನಿಮ್ಮ ಅಕ್ಕ ಅಲ್ಲ."

ಅವರು ಬಾಯಿ ತೆರೆದರು. ಏನೋ ಹೇಳಿಯೇ ಬಿಡುತ್ತಾರೆ ಎಂದುಕೊಂಡೆ. ಆಮೇಲೆ ತಿರುಗಿ ಹೋಗಿ ಎಲ್ಲಿಂದಲೋ ಒಂದು ಹಲಗೆ ತಂದು ಜಾಕಿನ ಕೆಳಗೆ ಇಟ್ಟರು.

ಗಾಳಿ ಎದ್ದಿತ್ತು. ಗ್ರೀಸಿಗೆ ಮರಳು ಕೂರದ ಹಾಗೆ ಕಾಕಾ ತಮ್ಮ ರುಮಾಲನ್ನು ಎರಡೂ ಕೈಯಲ್ಲಿ ಅಗಲಿಸಿ ಪರದೆಯಂತೆ ಹಿಡಿದು ನಿಂತರು. ಹಳೆಯ ಬೇರಿಂಗಿನ ಒಳಬಳೆ ಅಚ್ಚಿಗೆ ಕಚ್ಚಿಕೊಂಡು ಕೂತಿತ್ತು. ಉಳಿ ಇಟ್ಟು ಹೊಡೆದೆ, ಕಾಯಿಸಿದೆ, ಮತ್ತೆ ಹೊಡೆದೆ. ಸುತ್ತಿಗೆ ಜಾರಿ ಬೆರಳಿನ ಚರ್ಮ ಹೋಯಿತು. ಕಾಕಾ ಬಿಸಿಲಲ್ಲಿ ನಿಂತೇ ಇದ್ದರು. ಆಗಾಗ ಫೋನು ತೆಗೆದು ಗಂಟೆ ನೋಡುತ್ತಿದ್ದರು. ಅವರಿಗೆ ಮನೆಗೆ ಹೋಗುವ ಆತುರ ಎಂದು ನನಗೆ ಸಿಟ್ಟು ಬಂತು. ಬೇಕೆಂದೇ ನಿಧಾನವಾಗಿ ಗ್ರೀಸು ತುಂಬಿದೆ. ಕೆಲಸ ಕೆಟ್ಟರೆ ಮತ್ತೆ ನಿಲ್ಲಬೇಕಾಗುತ್ತದೆ, ಅಕ್ಕನ ಹತ್ತಿರ ಹೋಗುವುದು ಇನ್ನಷ್ಟು ತಡವಾಗುತ್ತದೆ ಎಂಬುದು ನನ್ನ ಲೆಕ್ಕ. ಅವರು ನನ್ನನ್ನು ಬೇಗ ಮುಟ್ಟಿಸಲು ಕ್ಯಾರವಾನು ಬಿಡು ಎನ್ನುತ್ತಿದ್ದರು. ನಾನು ಬೇಗ ಹೋಗಲೆಂದೇ ಅದನ್ನು ಬಿಡಲಾರೆ ಎನ್ನುತ್ತಿದ್ದೆ. ಇಬ್ಬರಿಗೂ ಅಕ್ಕನದೇ ಚಿಂತೆ. ನಡುವೆ ಒಂದೇ ಒಂದು ಮಾತು ಬಾಕಿ ಇತ್ತು.

ಉಮ್ಮ್ ಸಲಾಲ್ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ಗೇಟಿನ ಹತ್ತಿರ ನನ್ನ ರೂಮಿನವರು ಸಾಲಾಗಿ ನಿಂತಿದ್ದರು. ಡ್ಯೂಟಿ ಬಿಟ್ಟು ಮುಐದರಿನಿಂದ ಇಷ್ಟು ದೂರ ಬಂದು ಯಾರೂ ಸುಮ್ಮನೆ ನಿಲ್ಲುವುದಿಲ್ಲ. ಒಬ್ಬನ ಕಾಲ ಬಳಿ ನನ್ನ ಬ್ಯಾಗು ಇತ್ತು. ನಾನು ಗಾಡಿಯಿಂದ ಇಳಿಯಲಿಲ್ಲ. ಕಾಕಾ ಆ ಕಡೆಯಿಂದ ಸುತ್ತಿ ಬಂದು ನನ್ನ ಬಾಗಿಲು ತೆಗೆದರು.

"ಬೆಳಿಗ್ಗೆಯೇ ಆಯ್ತು ಮಗಾ. ನಿನ್ನ ಭಾವ ಹೇಳಬೇಡಿ ಅಂದ್ರು. ಗಾಡಿಯಲ್ಲಿ ಇದ್ದಿಯಲ್ಲ, ಹಾಗೆ."

"ಗಾಡಿ ನಾ ಹೊಡೀತಿದ್ನೇನ್ರಿ ಕಾಕಾ?" ಎಂದೆ. "ನೀವು ಹೊಡೀತಿದ್ರಿ."

ಅವರು ಬಾಗಿಲು ಹಿಡಿದುಕೊಂಡೇ ನಿಂತರು. ಆ ಮುಖ ಈಗಲೂ ಕಣ್ಣ ಮುಂದಿದೆ. ಇಡೀ ದಿನ ಆ ಭಾರ ಹೊತ್ತುಕೊಂಡು ಸ್ಟೀರಿಂಗ್ ಹಿಡಿದವರು ಅವರು. ಪದ್ಧತಿ ಯಾಕಿದೆ ಎಂಬುದನ್ನು ಭಾವನೂ ಯೋಚಿಸಲಿಲ್ಲ, ಅವರೂ ಯೋಚಿಸಲಿಲ್ಲ.

ಭಾವನಿಗೆ ಫೋನು ಹಚ್ಚಿದೆ. ಅಲ್ಲಿ ಆಗಲೇ ಕತ್ತಲಾಗಿತ್ತು. "ಈಗ ಮಣ್ಣ ಮಾಡಿ ಬಂದ್ವಿ," ಎಂದ. ನಮ್ಮಲ್ಲಿ ಮದುವೆಯಾದ ಹೆಣ್ಣು ಹೋದರೆ ತವರಿನವರು ಸೀರೆ ತಂದು ಹೊದಿಸಬೇಕು. ಆ ಸೀರೆ ಬರುವ ತನಕ ಹೆಣ ಎತ್ತುವುದಿಲ್ಲ. ಅಕ್ಕನಿಗೆ ತವರು ಎಂದರೆ ನಾನೊಬ್ಬನೇ. ಊರಲ್ಲಿದ್ದ ದೂರದ ಸಂಬಂಧದ ಚಿಕ್ಕಪ್ಪನ ಮಗ ಪೇಟೆಗೆ ಓಡಿ ಒಂದು ಸೀರೆ ತಂದು ಹೊದಿಸಿದನಂತೆ.

"ನಾ ಬರೂತನಕ ಇಡಬೇಕಿತ್ತಲ್ಲ ಭಾವಾ," ಎಂದೆ.

"ನೀ ಬರ್ತೀನಿ ಅಂದಿದ್ರ ನಾಳೀತನಕ ಇಡ್ತಿದ್ವೋ," ಎಂದ. "ಮಧ್ಯಾಹ್ನದಾಗ ರೂಮ್ ಮುಟ್ಟಿ ಫೋನ್ ಹಚ್ಚತಿ ಅಂತ ಕಾದ್ವಿ. ದಿನಪೂರ್ತಿ ನಿನ್ನ ಫೋನ್ ಬರಲೇ ಇಲ್ಲ."

ಫೋನು ಕೆಳಗಿಟ್ಟು ಬ್ಯಾಗು ಎತ್ತಿಕೊಂಡೆ.

ಮುದೀರ್ ಆಡಿದ ಮಾತಿಗೆ ತಪ್ಪಲಿಲ್ಲ. ಅದೇ ಸಂಜೆ ಟಿಕೆಟ್ಟು ಬಂತು, ಮರುದಿನ ಮಧ್ಯಾಹ್ನ ನಾನು ಊರಲ್ಲಿದ್ದೆ. ಭಾವ ಹೇಳಿದ ಹಾಗೆ ಇಟ್ಟಿದ್ದರೆ ಮುಖ ನೋಡುತ್ತಿದ್ದೆ. ಈಗ ನೋಡಲು ಇದ್ದದ್ದು ಹಸಿ ಮಣ್ಣಿನ ದಿಬ್ಬ. ಅದರ ಮೇಲೆ ಒಂದು ಹಿಡಿ ಮಣ್ಣು ಹಾಕಿದೆ. ಬೆರಳಿನ ಸಂದಿಯಲ್ಲಿ ಗ್ರೀಸಿನ ಕಪ್ಪು ಇನ್ನೂ ಹೋಗಿರಲಿಲ್ಲ.

ಆ ಸಂಜೆ ಭಾವನ ಮೇಲೆ ಹರಿಹಾಯ್ದೆ. ಬಾಯಿಗೆ ಬಂದದ್ದು ಅಂದೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ನಾನು ಸುಸ್ತಾಗಿ ಕೂತ ಮೇಲೆ, ಇನ್ನೊಂದು ಮಾತು ಹೇಳಬೇಕು, ಸಿಟ್ಟಾಗಬೇಡ ಎಂದ. ಕೊನೆಯ ಸಂಜೆ ಅಕ್ಕ ಬಹಳ ಹಟ ಹಿಡಿದಿದ್ದಳಂತೆ. ತಮ್ಮ ಎಲ್ಲಿತನಕ ಬಂದ ಎಂದು ಉಸಿರಿಗೊಮ್ಮೆ ಕೇಳುತ್ತಿದ್ದಳಂತೆ. ಅವಳ ಸಂಕಟ ನೋಡಲಾರದೆ, ವಿಮಾನ ಹತ್ತಿದ್ದಾನೆ, ಇನ್ನೇನು ಬಂದ ಎಂದು ಇವನೇ ಹೇಳಿಬಿಟ್ಟನಂತೆ. ಅದಾದ ಮೇಲೆ ಅಕ್ಕ ಹಟ ಮಾಡಲಿಲ್ಲ. ನರ್ಸಿಗೆ ಹೇಳಿ ಬಾಗಿಲ ಕಡೆ ಮಗ್ಗುಲು ಮಾಡಿಸಿಕೊಂಡಳು. ಪಕ್ಕದ ಹಾಸಿಗೆಯ ಮುದುಕಿಗೆ, "ನನಗ ನಿದ್ದಿ ಹತ್ತಿದ್ರ ಎಬ್ಬಸ್ರಿ ಆಯೀ, ನನ್ನ ತಮ್ಮ ಬರಾಕತ್ತಾನ," ಎಂದು ಹೇಳಿ ಮಲಗಿದಳಂತೆ.